ಹಳ್ಳಿಯ ಪ್ರೌಢಶಾಲೆ ಯಾರಿಗಾಗಿ?

ಜೂನ್ ತಿಂಗಳಲ್ಲಿ ಹಳ್ಳಿಯ ಕನ್ನಡ ಮಾಧ್ಯಮ ಪ್ರೌಢಶಾಲೆಗಳ ದಾಖಲಾತಿ ಪುಸ್ತಕ ತೆರೆದರೆ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಮಕ್ಕಳ ಸಂಖ್ಯೆ ಇಳಿಯುತ್ತಿದೆ. ನಮ್ಮ ಸಂಸ್ಥೆಗಳಲ್ಲಿಯೂ ಕಥೋಲಿಕ ಮಕ್ಕಳು ಬೆರಳೆಣಿಕೆಯಷ್ಟು. 'ನಮ್ಮವರೇ ಇಲ್ಲದ ಮೇಲೆ ಶಾಲೆ ನಡೆಸುವುದೇತಕ್ಕೆ?' ಎಂಬ ಪ್ರಶ್ನೆ ಏಳುವುದು ಸಹಜ. ಆದರೆ ಬಾಗಿಲು ಮುಚ್ಚುವುದು ಅದಕ್ಕೆ ಉತ್ತರವಲ್ಲ.

ಕಾರಣಗಳು ಸ್ಪಷ್ಟ. 2001ರಲ್ಲಿ 17,21,669 ಇದ್ದ ಹಾಸನ ಜಿಲ್ಲೆಯ ಜನಸಂಖ್ಯೆ 2011ರಲ್ಲಿ 17,76,421 ಆಯಿತು. ಹತ್ತು ವರ್ಷಗಳ ಏರಿಕೆ ಶೇಕಡಾ 3ರಷ್ಟು ಮಾತ್ರ. ಅದೇ ಅವಧಿಯಲ್ಲಿ ರಾಜ್ಯದ ಏರಿಕೆ ಶೇಕಡಾ 15ಕ್ಕೂ ಅಧಿಕ. ದುಡಿಮೆಯನ್ನು ಅರಸಿ ಕುಟುಂಬಗಳು ಬೆಂಗಳೂರು ಸೇರುತ್ತಿವೆ. ಉಳಿದ ಮಕ್ಕಳನ್ನು ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಪಟ್ಟಣಗಳ ಇಂಗ್ಲಿಷ್ ಮಾಧ್ಯಮ ಶಾಲೆಗಳ ವಾಹನಗಳು ಹೊತ್ತೊಯ್ಯುತ್ತವೆ. ಆ ವಾಹನಗಳಲ್ಲಿ ನಮ್ಮ ಮಕ್ಕಳೂ ಇದ್ದಾರೆಂಬುದನ್ನು ಮರೆಯಲಾಗದು.

ಹಾಗಾದರೆ ಹಳ್ಳಿಯ ಶಾಲೆಯಲ್ಲಿ ಉಳಿಯುವವರು ಯಾರು? ಶುಲ್ಕ ತೆರಲಾರದ ಕೂಲಿಕಾರರ, ಸಣ್ಣ ರೈತರ ಮಕ್ಕಳು, ಅವರಲ್ಲಿಯೂ ಹೆಣ್ಣುಮಕ್ಕಳು. 2023ರ ಶಕ್ತಿ ಯೋಜನೆಯಿಂದ ಅವರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತವಾಗಿದೆ, ನಿಜ. ಆದರೆ ಸಂಜೆಯ ಬಸ್ಸು ತಪ್ಪಿದರೆ ಏನೆಂಬ ಹೆತ್ತವರ ಅಂಜಿಕೆ ಅದರಿಂದ ನೀಗದು. ಹತ್ತಿರದ ಶಾಲೆ ಮುಚ್ಚಿದರೆ ಎಷ್ಟೋ ಬಾಲೆಯರ ಓದು ಏಳನೆಯ ತರಗತಿಗೇ ನಿಂತೀತು.

ಅನ್ಯಧರ್ಮೀಯರಿಗೆ ಪ್ರವೇಶವಿತ್ತ ಮಾತ್ರಕ್ಕೆ ಅಲ್ಪಸಂಖ್ಯಾತ ಸಂಸ್ಥೆಯ ಸ್ವರೂಪ ಅಳಿಯದೆಂದು ಸರ್ವೋಚ್ಚ ನ್ಯಾಯಾಲಯ 1958ರಲ್ಲಿಯೇ, ಕೇರಳ ಶಿಕ್ಷಣ ಮಸೂದೆಯ ವಿಚಾರದಲ್ಲಿ, ಅಭಿಪ್ರಾಯಪಟ್ಟಿತ್ತು. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯ ಶಿಕ್ಷಣ ಘೋಷಣೆಯು ಬಡವರನ್ನೂ ನಮ್ಮ ವಿಶ್ವಾಸಕ್ಕೆ ಹೊರಗಿನವರನ್ನೂ ವಿಶೇಷವಾಗಿ ನೆನೆಯುವಂತೆ ಕಥೋಲಿಕ ಶಾಲೆಗಳಿಗೆ ತಿಳಿಸಿದೆ. ಹೀಗಿರುವಾಗ ಆ ಮಕ್ಕಳು 'ನಮ್ಮವರಲ್ಲ' ಎನ್ನುವುದು ಹೇಗೆ?

ಆದರೂ ಬರಿಯ ಸದಾಶಯದಿಂದ ಶಾಲೆ ಉಳಿಯದು. ಗಣಿತ, ವಿಜ್ಞಾನ, ಇಂಗ್ಲಿಷ್ ಬೋಧನೆ ಪಟ್ಟಣದ ಶಾಲೆಗಳಿಗೆ ಸಾಟಿಯಾಗಬೇಕು. ಬೇಸಿಗೆ ರಜೆಗೆ ಮುನ್ನವೇ ಶಿಕ್ಷಕರೂ ಪಾಲನಾ ಸಮಿತಿಯ ಸದಸ್ಯರೂ ಮನೆಮನೆಗೆ ಹೋಗಬೇಕು. ಪಟ್ಟಣದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ತಲಾ ಒಂದು ಮಗುವಿನ ಪುಸ್ತಕ, ಸಮವಸ್ತ್ರದ ಹೊಣೆ ಹೊರಲಿ. ನಾವೂ ನಮ್ಮ ಮಕ್ಕಳನ್ನು ದೂರಕ್ಕೆ ಕಳುಹಿಸುವ ಮುನ್ನ ಒಮ್ಮೆ ಊರಿನ ಶಾಲೆಯ ಮೆಟ್ಟಿಲು ಹತ್ತಿ ನೋಡೋಣ.

ಗೊರೂರಿನ ಹೇಮಾವತಿ ಜಲಾಶಯದ ನೀರು ಏರಿದಾಗ ಶೆಟ್ಟಿಹಳ್ಳಿಯ ಜನರು ಊರನ್ನೂ ದೇವಾಲಯವನ್ನೂ ತೊರೆಯಬೇಕಾಯಿತು. ಅದು ಅನಿವಾರ್ಯವಾಗಿತ್ತು. ನಮ್ಮ ಶಾಲೆಗಳನ್ನು ಬರಿದು ಮಾಡುತ್ತಿರುವುದು ಯಾವ ಪ್ರವಾಹವೂ ಅಲ್ಲ, ನಮ್ಮದೇ ಉದಾಸೀನ. ಅದನ್ನು ತಡೆಯುವುದು ನಮ್ಮ ಕೈಯಲ್ಲಿಯೇ ಇದೆ.