ಪೊರ್ಬುಗಳ ದಿನಚರಿ

ಕಳೆದ ತಿಂಗಳು ನಮ್ಮ ಪತ್ರಿಕೆಯ ಒಳಪುಟದ ಮೂಲೆಯೊಂದರಲ್ಲಿ ನಾಲ್ಕು ಸಾಲುಗಳ ನಿಧನವಾರ್ತೆಯೊಂದು ಅಚ್ಚಾಗಿತ್ತು. ಕಲೀನಾ ನಿವಾಸಿ, ಮಂಗಳೂರು ಮೂಲದವರು, ನಿವೃತ್ತ ಸೇಲ್ಸ್‌ಮನ್, ವಯಸ್ಸು ಎಂಬತ್ತೆಂಟು. ಪತ್ನಿ, ಇಬ್ಬರು ಪುತ್ರಿಯರು, ಓರ್ವ ಪುತ್ರ ಹಾಗೂ ಮೊಮ್ಮಕ್ಕಳನ್ನು ಅಗಲಿದ್ದಾರೆ. ಇಷ್ಟೇ. ಓದುಗರಲ್ಲಿ ಎಷ್ಟು ಮಂದಿ ಅದನ್ನು ಗಮನಿಸಿದರೋ ನಾವರಿಯೆವು. ಅಚ್ಚಿಗೆ ಕಳುಹಿಸಿದ ನಾವೇ ಅದನ್ನು ಮನಸ್ಸಿಟ್ಟು ಓದಿರಲಿಲ್ಲವೆಂದು ಒಪ್ಪಿಕೊಳ್ಳಬೇಕಾಗಿದೆ.

ಹದಿನೈದು ದಿನಗಳ ತರುವಾಯ ಮೃತರ ಹಿರಿಯ ಮಗಳು ಬಟ್ಟೆಯ ಚೀಲವೊಂದನ್ನು ಹೊತ್ತು ನಮ್ಮ ಕಾರ್ಯಾಲಯಕ್ಕೆ ಬಂದರು. ಚೀಲದಲ್ಲಿದ್ದುದು ತಂದೆಯವರ ದಿನಚರಿ ಪುಸ್ತಕಗಳು, ಮೂವತ್ತಕ್ಕೂ ಮಿಕ್ಕಿ. ಭಾಷೆ ಕೊಂಕಣಿ, ಲಿಪಿ ಕನ್ನಡ. ಮಗಳು ಓದಿದುದು ಇಂಗ್ಲಿಷ್ ಶಾಲೆಯಲ್ಲಿ. ಕೊಂಕಣಿಯನ್ನು ಮಾತನಾಡಬಲ್ಲರು, ಆದರೆ ತಂದೆ ಅದನ್ನು ಬರೆದ ಅಕ್ಷರಗಳನ್ನು ಅರಿಯರು. ರದ್ದಿಯವನ ತಕ್ಕಡಿಗೆ ಹಾಕಲು ಮನಸ್ಸು ಬರಲಿಲ್ಲ; ಓದಬಲ್ಲವರು ಮನೆಯಲ್ಲಿ ಯಾರೂ ಉಳಿದಿಲ್ಲ, ತಾಯಿಯವರ ಕಣ್ಣು ಮಂಜಾಗಿದೆ. “ಪಪ್ಪ ದಿನವೂ ನಿಮ್ಮ ಪೇಪರ್ ಓದುತ್ತಿದ್ದರು. ನೀವಾದರೂ ಓದಿ ಹೇಳುವಿರಾ?” ಎಂದು ಅವರು ನಮ್ಮನ್ನು ಹಿಂದಿಯಲ್ಲಿ ಕೇಳಿದರು.

ನಮ್ಮಲ್ಲಿ ಕೊಂಕಣಿ ಬಲ್ಲವರಿದ್ದಾರೆ. ಓದಿದೆವು. ಆ ಓದಿನಿಂದ ಹುಟ್ಟಿದ ಮಾತುಗಳು ಇವು. ಮನೆಯವರ ಇಚ್ಛೆಯಂತೆ ಮೃತರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರಿನವರು ಕೆಥೋಲಿಕರನ್ನು ಕರೆಯುವಂತೆ ಹೋಟೆಲುಗಳವರೆಲ್ಲ ಅವರನ್ನು ‘ಪೊರ್ಬುಗಳೇ’ ಎಂದೇ ಕರೆಯುತ್ತಿದ್ದರು. ನಾವೂ ಹಾಗೆಯೇ ಕರೆಯುತ್ತೇವೆ.

ಪೊರ್ಬುಗಳು ಮುಂಬಯಿಗೆ ಬಂದುದು 1956ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ. ಆ ವರ್ಷದ ನವೆಂಬರ್ ಒಂದರಂದೇ ಮಂಗಳೂರು ಮದರಾಸು ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ಕೊಂಕಣ ರೈಲು ಪೂರ್ತಿಯಾಗಿ ಓಡಲಾರಂಭಿಸಿದ್ದು 1998ರಲ್ಲಿ. ಅಂದು ಬಸ್ಸಿನಲ್ಲಿ ಘಟ್ಟ ಹತ್ತಿ, ಮೇಲೆ ರೈಲು ಹಿಡಿದು ಬರಬೇಕಾಗಿತ್ತು. ಮಾಹಿಮಿನಲ್ಲಿ ಸೋದರಮಾವನ ಕೋಣೆಯ ಹೊರಗೆ ಮಲಗಿ ಎಂಟು ತಿಂಗಳು ಕೆಲಸಕ್ಕಾಗಿ ಅಲೆದರು. ಬಳಿಕ ಚಹಾ ಕಂಪನಿಯೊಂದರಲ್ಲಿ ಸೇಲ್ಸ್‌ಮನ್ ಆದರು. ಮೂವತ್ತೆಂಟು ವರ್ಷ ಅದೇ ಕೆಲಸ. ಮಾದರಿ ಪೊಟ್ಟಣಗಳ ಚೀಲ, ಬಿಲ್ಲು ಪುಸ್ತಕ, ಕೊಡೆ. ಕೋಟೆಯಿಂದ ಗಿರ್ಗಾಂವ್, ದಾದರ್, ಮಾಟುಂಗಾದವರೆಗೆ ಹೋಟೆಲುಗಳ ಮೆಟ್ಟಿಲು.

ಅವರು ಕೆಲಸಕ್ಕೆ ಸೇರಿದ ಹೊತ್ತಿಗೆ ನಾಣ್ಯ ಬದಲಾಯಿತು. 1957ರ ಏಪ್ರಿಲ್ ಒಂದರಿಂದ ಆಣೆ ಹೋಗಿ ನಯೆ ಪೈಸೆ ಬಂತು. ಹದಿನಾರಾಣೆಗೆ ನೂರು ನಯೆ ಪೈಸೆ, ಅಂದರೆ ಒಂದಾಣೆಗೆ ಆರೂಕಾಲು. ಕಾಲು ಪೈಸೆಯನ್ನು ಕೊಡುವುದು ಹೇಗೆ? ಸರಕಾರದ ಕೋಷ್ಟಕದಂತೆ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ನಾಲ್ವರು ಗಿರಾಕಿಗಳು ಬೇರೆ ಬೇರೆಯಾಗಿ ಒಂದೊಂದಾಣೆಯ ಚಹಾ ಕುಡಿದರೆ ಗಲ್ಲಾಕ್ಕೆ 24 ಬೀಳುತ್ತಿತ್ತು. ಒಬ್ಬನೇ ನಾಲ್ವರದನ್ನು ಕೊಟ್ಟರೆ 25. ಈ ಒಂದು ಪೈಸೆಯ ಜಗಳದಲ್ಲಿ ಗಲ್ಲಾದಲ್ಲಿ ಕುಳಿತವರು ಬೈಗಳು ತಿಂದರು, ಮಾಣಿಗಳು ಏಟು ತಿಂದರು. ಅದರ ಬೆನ್ನಿಗೇ ತೂಕವೂ ಬದಲಾಯಿತು; ರಾತಲು ಹೋಗಿ ಕಿಲೋಗ್ರಾಂ ಬಂತು. ಪೊರ್ಬುಗಳು ರಾತ್ರಿ ಕುಳಿತು ರಟ್ಟಿನ ತುಂಡುಗಳ ಮೇಲೆ ದುಂಡು ಕನ್ನಡ ಅಕ್ಷರಗಳಲ್ಲಿ ಎರಡು ಕೋಷ್ಟಕಗಳನ್ನು ಬರೆದರು: ಆಣೆಗೆ ಪೈಸೆ, ರಾತಲಿಗೆ ಗ್ರಾಂ. ತಾವು ಹೋಗುವ ಹೋಟೆಲುಗಳಿಗೆಲ್ಲ ಒಂದೊಂದನ್ನು ಕೊಟ್ಟರು. ಕಂಪನಿ ಹೇಳಿದ ಕೆಲಸವಲ್ಲ, ಅದಕ್ಕೆ ಕಮಿಷನ್ ಇರಲಿಲ್ಲ. ನಲವತ್ತೊಂದು ರಟ್ಟುಗಳನ್ನು ಬರೆದೆನೆಂದೂ ಶಾಯಿಯ ಖರ್ಚು ಇಷ್ಟಾಯಿತೆಂದೂ ದಿನಚರಿಯಲ್ಲಿದೆ. ಲೆಕ್ಕದ ಮನುಷ್ಯ.

ಮಾರುವವನು ಹೆಚ್ಚು ಮಾರಬೇಕೆಂಬುದು ಲೋಕದ ನಿಯಮ. ಇವರ ಪುಸ್ತಕದಲ್ಲಿ ಅದಕ್ಕೆ ವಿರುದ್ಧವಾದ ಸಾಲುಗಳು ಅಲ್ಲಲ್ಲಿ ಬರುತ್ತವೆ. ಇಂಥ ಭಟ್ಟರು ಎರಡು ಪೆಟ್ಟಿಗೆ ಕೇಳಿದರು, ಒಂದೇ ಸಾಕೆಂದೆ. ಮಳೆಗಾಲದಲ್ಲಿ ಚಾ ಹುಡಿ ತೇವ ಎಳೆದು ವಾಸನೆ ಕೆಡುತ್ತದೆ. ಇಂಥ ಶೆಟ್ಟರ ಬಾಕಿ ಏರಿದೆ, ಈ ತಿಂಗಳು ಮಾಲು ಬೇಡವೆಂದೆ. ಕಂಪನಿಯ ಮೇಲಧಿಕಾರಿಗಳಿಗೆ ಇದು ರುಚಿಸಿರಲಾರದು. ಬಡ್ತಿ ಅವರಿಗೆ ದೊರೆತುದು ಒಂದೇ ಸಲ, ಅದೂ ನಿವೃತ್ತಿಯ ಸಮೀಪದಲ್ಲಿ.

ದಿನದ ಮಾರಾಟದ ಲೆಕ್ಕದ ಕೆಳಗೆ ಒಂದು ಗೆರೆ. ಗೆರೆಯ ಕೆಳಗೆ ಮನೆ. ಊರಿಗೆ ಮನಿಯಾರ್ಡರ್, ಮಕ್ಕಳ ಶಾಲೆಯ ಫೀಸು, ಹೆಂಡತಿಯ ಕೆಮ್ಮಿಗೆ ಔಷಧ. ಬುಧವಾರಗಳಲ್ಲಿ ಒಂದು ಮೇಣದ ಬತ್ತಿಯ ಬೆಲೆ ತಪ್ಪದೆ ಬರುತ್ತದೆ. ಮಾಹಿಮಿನ ಸಂತ ಮೈಕಲರ ಇಗರ್ಜಿಯಲ್ಲಿ 1948ರಿಂದ ಬುಧವಾರದ ನೊವೇನಾ ನಡೆದುಕೊಂಡು ಬಂದಿರುವುದನ್ನು ಮುಂಬಯಿಯ ಎಲ್ಲ ಜಾತಿಯವರೂ ಬಲ್ಲರು. ಬುಧವಾರದ ಸಂಜೆ ಪೊರ್ಬುಗಳು ಚೀಲ ಸಮೇತ ಅಲ್ಲಿರುತ್ತಿದ್ದರು. ಉಳಿದ ದಿನಗಳಲ್ಲಿ ಎಂಟು ಗಂಟೆಗೆ ಮನೆ ಸೇರಿ, ಹೆಂಡತಿ ಮಕ್ಕಳೊಡನೆ ಮೊಣಕಾಲೂರಿ ಜಪಸರದ ಪ್ರಾರ್ಥನೆ. ಸೆಪ್ಟೆಂಬರ್ ಎಂಟರ ಮೊಂತಿ ಹಬ್ಬಕ್ಕೆ ಮುನ್ನ ಮಕ್ಕಳು ಮಾತೆ ಮರಿಯಮ್ಮನಿಗೆ ದಿನವೂ ಹೂವು ಅರ್ಪಿಸಬೇಕು. ಊರಿನಲ್ಲಾದರೆ ಬೇಲಿಯ ಮೇಲೆಲ್ಲ ಹೂವು. ಕಲೀನಾದ ಒಂದು ಕೋಣೆಯ ಮನೆಗೆ ಅದು ದಾದರಿನ ಮಾರುಕಟ್ಟೆಯಿಂದ ಬರಬೇಕು. ಒಂಬತ್ತು ದಿನಗಳ ಹೂವಿನ ಖರ್ಚನ್ನು ಅವರು ವರ್ಷ ವರ್ಷವೂ ಬರೆದಿಟ್ಟಿದ್ದಾರೆ. ಒಂದು ವರ್ಷ ಆ ಸಾಲಿನಲ್ಲಿ ಚಹಾದ ಖಾಲಿ ಪೆಟ್ಟಿಗೆ ಮಾರಿದ ಹಣದಿಂದ ಎಂಬ ಮಾತಿದೆ. ಆ ತಿಂಗಳು ಕೈ ಎಷ್ಟು ಬಿಗಿಯಾಗಿತ್ತೆಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1964ರ ಡಿಸೆಂಬರಿನಲ್ಲಿ ಆರನೆಯ ಪೌಲ್ ಪೋಪರು ಪರಮಪ್ರಸಾದದ ಮಹಾಸಮ್ಮೇಳನಕ್ಕಾಗಿ ಮುಂಬಯಿಗೆ ಬಂದರು. ಭಾರತದ ನೆಲದಲ್ಲಿ ಕಾಲಿಟ್ಟ ಮೊದಲ ಪೋಪರು ಅವರೇ. ವರ್ಷ ತುಂಬಿದ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಪೊರ್ಬುಗಳು ದಾರಿಯ ಬದಿಯಲ್ಲಿ ನಿಂತಿದ್ದರು. ಅಂದಿನ ಪುಟದಲ್ಲಿ ಮಾರಾಟ ಸೊನ್ನೆ.

1969ರ ಫೆಬ್ರವರಿಯ ಪುಟವೊಂದು ನಮ್ಮನ್ನು ಬಹಳ ಹೊತ್ತು ತಡೆದು ನಿಲ್ಲಿಸಿತು. 1966ರಲ್ಲಿ ಶಿವಸೇನೆ ಹುಟ್ಟಿದಂದಿನಿಂದ ನಗರದಲ್ಲಿ ದಕ್ಷಿಣದವರ ವಿರುದ್ಧ ಕೂಗು ಏಳುತ್ತಿತ್ತು. 1969ರಲ್ಲಿ ಗಡಿಯ ಪ್ರಶ್ನೆಯ ಮೇಲೆ ಗಲಭೆಯೇ ಎದ್ದು, ನಮ್ಮವರ ಹೋಟೆಲುಗಳ ಮೇಲೆ ಕಲ್ಲುಗಳು ಬಿದ್ದವು. ಹಳಬರು ಅದನ್ನು ಮರೆತಿಲ್ಲ. ಆ ದಿನಗಳಲ್ಲೊಮ್ಮೆ ನಾಲ್ಕಾರು ತರುಣರು ಪೊರ್ಬುಗಳನ್ನು ಅಡ್ಡಗಟ್ಟಿ ಯಾವೂರೆಂದು ಕೇಳಿದರು. ಅವರು ಗೋವೆಯವನೆಂದರು. ಹೆಸರು ಹಾಗಿತ್ತು, ಕೊರಳಲ್ಲಿ ಶಿಲುಬೆಯಿತ್ತು, ಬಿಟ್ಟುಬಿಟ್ಟರು. ಹತ್ತು ಹೆಜ್ಜೆ ಹಿಂದೆ ಬರುತ್ತಿದ್ದ ಹೋಟೆಲಿನ ಹುಡುಗನೊಬ್ಬನನ್ನು ಬಿಡಲಿಲ್ಲ. ಶನಿವಾರ ಪಾಪನಿವೇದನೆ ಮಾಡಿದೆನೆಂದು ಬರೆದಿದ್ದಾರೆ. ಅಷ್ಟಕ್ಕೇ ಮನಸ್ಸು ಶಾಂತವಾದಂತೆ ಕಾಣುವುದಿಲ್ಲ. ಮರುವಾರ ಆ ಹುಡುಗನ ಹೋಟೆಲಿಗೆ ಹೋಗಿ, ಅವನೆದುರಿಗೂ ಧಣಿಯ ಎದುರಿಗೂ, ತಾನು ಸುಳ್ಳು ಹೇಳಿ ಪಾರಾದೆನೆಂದು ಒಪ್ಪಿಕೊಂಡರು. “ಅದಕ್ಕೇನು ಪೊರ್ಬುಗಳೇ, ಚಾ ಕುಡಿಯಿರಿ” ಎಂದರಂತೆ ಧಣಿಗಳು. ಆ ಸಾಲಿನ ಮುಂದೆ ಪೊರ್ಬುಗಳು ಬರೆದುದು ಒಂದೇ ಶಬ್ದ: ಕುಡಿದೆ.

ತಾನು ಮಂಗಳೂರಿನವನು, ಈ ಹೋಟೆಲುಗಳವರ ಕಡೆಯವನು ಎಂಬುದನ್ನು ಮರೆಮಾಚಿದ್ದು ಪಾಪವೆಂದು ಅವರು ಬಗೆದರು. ನಾವಾದರೋ ಅವರನ್ನು ನಮ್ಮವರೆಂದು ಬಗೆದೆವೇ? 1970ರ ದಶಕದಲ್ಲಿ ಅವರು ಕನ್ನಡ ಸಂಘವೊಂದರ ಸದಸ್ಯತ್ವಕ್ಕೆ ಅರ್ಜಿ ಹಿಡಿದು ಹೋಗಿದ್ದರು. ಮೇಜಿನ ಹಿಂದೆ ಕುಳಿತವರು ಮಾತೃಭಾಷೆ ಯಾವುದೆಂದು ಕೇಳಿ, ಉತ್ತರ ಕೇಳಿದ ಮೇಲೆ, ನಿಮ್ಮವರಿಗೆ ಬೇರೆ ಸಂಘಗಳಿವೆಯಲ್ಲ ಎಂದರಂತೆ. ಅರ್ಜಿ ಭರ್ತಿಯಾಗದೆ ಅದೇ ವರ್ಷದ ಪುಸ್ತಕದೊಳಗೆ ಮಡಿಚಿಕೊಂಡಿದೆ.

ಇದು ಎಂತಹ ಅಳತೆ? ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಅವರನ್ನು ನಾವು ಕನ್ನಡದ ರಾಷ್ಟ್ರಕವಿಗಳೆಂದು ತಲೆಯ ಮೇಲೆ ಹೊತ್ತಿದ್ದೇವೆ, ಕ್ರಿಸ್ತನ ಕಡೆಯ ದಿನವನ್ನು ಕುರಿತ ಅವರ ‘ಗೊಲ್ಗೊಥಾ’ವನ್ನು ಶಾಲೆಗಳಲ್ಲಿ ಓದಿದ್ದೇವೆ. 1967ರಲ್ಲಿ ಜಾರ್ಜ್ ಫೆರ್ನಾಂಡಿಸರು ದಕ್ಷಿಣ ಮುಂಬಯಿಯಲ್ಲಿ ಎಸ್. ಕೆ. ಪಾಟೀಲರನ್ನು ಸೋಲಿಸಿದಾಗ, ಅವರು ನಮ್ಮ ಮಂಗಳೂರಿನವರೆಂದು ಎದೆಯುಬ್ಬಿಸದ ಹೋಟೆಲ್ ಕಾರ್ಮಿಕನುಂಟೇ? ದೊಡ್ಡವರಾದರೆ ನಮ್ಮವರು, ಚೀಲ ಹೊತ್ತವರಾದರೆ ಬೇರೆಯವರು ಎಂದಾಯಿತು. ಮಂಗಳೂರಿನ ಕೆಥೋಲಿಕರು ತಮ್ಮ ಕೊಂಕಣಿಗೆ ಕನ್ನಡ ಲಿಪಿಯನ್ನೇ ಉಡಿಸಿದ್ದಾರೆ. 1938ರಲ್ಲಿ ಹೊರಟ ‘ರಾಕ್ಣೊ’ ವಾರಪತ್ರಿಕೆಯೂ ಅದೇ ಲಿಪಿಯಲ್ಲಿ ಅಚ್ಚಾಯಿತು. ಆ ಅಕ್ಷರಗಳನ್ನು ಪೊರ್ಬುಗಳು ಮುಂಬಯಿಯಲ್ಲಿ ಅರುವತ್ತು ವರ್ಷಗಳಿಗೂ ಮಿಕ್ಕಿ ಕಾಪಾಡಿದರು. ಅವರ ಮಕ್ಕಳಿಗೆ ಅವು ದಾಟದೆ ಹೋದುದಕ್ಕೆ ಅವರೊಬ್ಬರೇ ಹೊಣೆಯಲ್ಲ.

ನಮ್ಮ ಸಂಘಗಳ ಸ್ಮರಣ ಸಂಚಿಕೆಗಳನ್ನು ಕಪಾಟಿನಿಂದ ಇಳಿಸಿ ನೋಡಿದೆವು. ಹೋಟೆಲ್ ಉದ್ಯಮಿಗಳ ಭಾವಚಿತ್ರಗಳಿವೆ, ದಾನಿಗಳ ಪಟ್ಟಿಯಿದೆ, ಅಧ್ಯಕ್ಷರ ಸಂದೇಶಗಳಿವೆ, ಅವೆಲ್ಲ ಇರತಕ್ಕದ್ದೇ. ಆದರೆ ಸೇಲ್ಸ್‌ಮನ್ನರು, ಗುಮಾಸ್ತರು, ಅಡಿಗೆಯವರು, ಮಾಣಿಗಳು ಹೇಗೆ ಬದುಕಿದರೆಂಬುದನ್ನು ಆ ಪುಟಗಳಿಂದ ತಿಳಿಯಲಾಗದು. ಅಂಥವರ ಲೆಕ್ಕದ ಪುಸ್ತಕಗಳೂ ಕಾಗದಗಳೂ ಓದುಗರ ಮನೆಗಳಲ್ಲಿ ಇದ್ದರೆ ರದ್ದಿಗೆ ಹಾಕುವ ಮುನ್ನ ನಮಗೊಮ್ಮೆ ತೋರಿಸಬೇಕೆಂದು ಕೇಳಿಕೊಳ್ಳುತ್ತೇವೆ. ಯಾವ ಭಾಷೆಯಲ್ಲಿದ್ದರೂ ಚಿಂತೆಯಿಲ್ಲ.

ಪೊರ್ಬುಗಳ ಪುಸ್ತಕಗಳನ್ನು ಮಗಳಿಗೆ ಓದಿ ಹೇಳುವ ಕೆಲಸ ವಾರಕ್ಕೆ ಎರಡು ಸಂಜೆ ನಡೆದಿದೆ. ಈಗ 1961ಕ್ಕೆ ಬಂದಿದ್ದೇವೆ. ಓದುವ ನಡುವೆ ಅವರು ‘ಅ’ ಎಲ್ಲಿದೆ, ‘ಮ’ ಎಲ್ಲಿದೆ ಎಂದು ಬೆರಳಿಟ್ಟು ಕೇಳುತ್ತಾರೆ. ಬರುವ ಭಾನುವಾರ ಬೆಳಗ್ಗೆ ಕಲೀನಾದ ಇಗರ್ಜಿಯಲ್ಲಿ ಮೃತರ ತಿಂಗಳ ಪೂಜೆ. ಮಾಟುಂಗಾದಿಂದ ಇಬ್ಬರು ಹಳೆಯ ಹೋಟೆಲಿನವರು ಬರುವವರಿದ್ದಾರೆ. ಅವರಲ್ಲೊಬ್ಬರ ಬಳಿ ಆ ರಟ್ಟಿನ ತುಂಡು ಇನ್ನೂ ಇದೆಯಂತೆ. ಅದನ್ನು ತರುವುದಾಗಿ ಹೇಳಿದ್ದಾರೆ.