ಅವರ ಪಾಪಕ್ಕೆ ನಮ್ಮ ಮುಳುಗು

ನಂಜನಗೂಡಿನ ಕಪಿಲೆಯಲ್ಲಿ ಮುಳುಗೆದ್ದು, ಪಾಪ ಕಳೆಯಿತೆಂದು ನೀರು ಕೊಡವಿಕೊಂಡು ಹೋಗುವವರನ್ನು ನಾವು ಹುಟ್ಟಿದಾಗಿನಿಂದ ನೋಡುತ್ತಿದ್ದೇವೆ. ಅದೇ ಹೊಳೆ ಕಾವೇರಿಗೆ ಸೇರುವ ತಿರುಮಕೂಡಲಿನಲ್ಲಿ 2019ರಲ್ಲೂ 2025ರಲ್ಲೂ ಕುಂಭಮೇಳ ನಡೆಯಿತು. ಅವರ ನಂಬಿಕೆ ಅವರಿಗಿರಲಿ. ಒಂದು ಮಾತು ಮಾತ್ರ ಒಪ್ಪಬೇಕು: ಅಲ್ಲಿ ಪಾಪ ಮಾಡಿದವನು ತನ್ನ ಮೈಯನ್ನೇ ತೋಯಿಸಿಕೊಳ್ಳುತ್ತಾನೆ. ಉಳ್ಳವರ ದೇಶಗಳು ಕಂಡುಹಿಡಿದಿರುವ ಹೊಸ ತೀರ್ಥದಲ್ಲಿ ಅಷ್ಟು ತೊಂದರೆಯೂ ಇಲ್ಲ. ಪಾಪ ಅವರದು, ಮುಳುಗು ನಮ್ಮದು, ಪುಣ್ಯದ ಚೀಟಿ ಮತ್ತೆ ಅವರದೇ. ಆ ಚೀಟಿಗೆ ಕಾರ್ಬನ್ ಕ್ರೆಡಿಟ್ ಅಂತಾರೆ.

ಇದು ದೊಡ್ಡವರ ವ್ಯವಹಾರ, ನಮಗೇನು ಎಂದು ಕೂರುವ ಹಾಗಿಲ್ಲ ಗೆಳೆಯರೇ. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ಬೀದಿಗೆ ಬಂದಳು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಒಬ್ಬ ಅಮೆರಿಕದವನ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಹೊಗೆ ಬಿದ್ದರೆ ಭಾರತದವನ ಪಾಲಿಗೆ ಸುಮಾರು 2 ಟನ್. ಆ 2 ಕೂಡ ಸರಾಸರಿಯ ಸುಳ್ಳು. ಬೆಂಗಳೂರಿನ ಕಾರನ್ನೂ ಕೇರಿಯ ಮೂರು ಕಲ್ಲಿನ ಒಲೆಯನ್ನೂ ಒಟ್ಟಿಗೆ ಕೂಡಿಸಿ ಭಾಗಿಸಿದರೆ ಬರುವ ಲೆಕ್ಕ ಅದು.

ವ್ಯವಹಾರ ಹೀಗಿದೆ. 1997ರಲ್ಲಿ ಕ್ಯೋಟೊ ಒಪ್ಪಂದವಾಯಿತು, 2005ರಲ್ಲಿ ಜಾರಿಗೆ ಬಂತು. ಶ್ರೀಮಂತ ದೇಶಗಳು ತಮ್ಮ ಹೊಗೆಗೆ ಮಿತಿ ಹಾಕಿಕೊಂಡವು. ತಮ್ಮೂರಲ್ಲೇ ಹೊಗೆ ಇಳಿಸಿದರೆ ದುಬಾರಿ, ಬಡ ದೇಶದಲ್ಲಿ ಇಳಿಸಿದರೆ ಅಗ್ಗ. ಹಾಗಾಗಿ ಇಲ್ಲಿ ಗಾಳಿಯಂತ್ರಕ್ಕೋ ಗೋಬರ್ ಗ್ಯಾಸಿಗೋ ದುಡ್ಡು ಕೊಟ್ಟು, ಇಲ್ಲಿ ತಪ್ಪಿದ ಒಂದೊಂದು ಟನ್ನಿಗೆ ಒಂದೊಂದು ಚೀಟಿ ಪಡೆದು, ಅಲ್ಲಿಯ ಲೆಕ್ಕದಲ್ಲಿ ಕಳೆದುಕೊಳ್ಳಬಹುದು ಎಂದರು. ಹೊಗೆಗೆ ಗಡಿಯಿಲ್ಲ, ಎಲ್ಲಿ ಇಳಿದರೇನು ಎಂಬುದು ವಾದ. ಕೇಳಲು ನ್ಯಾಯವಾಗಿಯೇ ಇದೆ.

ಸ್ವಲ್ಪ ಕೂಡಿ ಕಳೆದು ನೋಡಿ. ಇಲ್ಲಿ ಒಂದು ಟನ್ ಇಳಿಯಿತು, ಆ ಚೀಟಿ ಹಿಡಿದು ಅಲ್ಲಿ ಒಂದು ಟನ್ ಬಿಟ್ಟರು. ಇಳಿದದ್ದು ಹೊಗೆಯಲ್ಲ, ಖರ್ಚು. ಇಲ್ಲಿ ಇಳಿದದ್ದಾದರೂ ನಿಜವೇ? ಯೋಜನೆ ಬರದಿದ್ದರೆ ಎಷ್ಟು ಹೊಗೆ ಏಳುತ್ತಿತ್ತು ಎಂಬ ಊಹೆಯ ಮೇಲೆ ಚೀಟಿ ಹುಟ್ಟುತ್ತದೆ. ಏಳದ ಹೊಗೆಯನ್ನು ಅಳೆದವರು ಯಾರು? ಬರೆದುಕೊಂಡವನು ಬರೆದದ್ದೇ ಲೆಕ್ಕ. ಜೀತದ ಮನೆಯಲ್ಲಿ ನಮ್ಮ ತಾತಂದಿರ ಸಾಲ ಬೆಳೆದದ್ದೂ ಇದೇ ವಿದ್ಯೆಯಿಂದ. ನಾವು ಹೊಟ್ಟೆಉರಿಗೆ ಹೇಳುತ್ತಿಲ್ಲ. ಐರೋಪ್ಯ ಆಯೋಗವೇ ಬರೆಸಿದ 2016ರ ಅಧ್ಯಯನ, ತಾನು ನೋಡಿದ ಕ್ಯೋಟೊ ಯೋಜನೆಗಳ 85%ರಲ್ಲಿ ಹೇಳಿದಷ್ಟು ಹೊಗೆ ನಿಜವಾಗಿ ಇಳಿದಿರುವ ಸಂಭವ ಕಡಿಮೆ ಎಂದಿತು. ಫ್ರಿಜ್ಜಿನ ಅನಿಲ ತಯಾರಿಸುವಾಗ ಹುಟ್ಟುವ ಎಚ್‌ಎಫ್‌ಸಿ-23 ಎಂಬ ಕಸವನ್ನು ಸುಟ್ಟು ಚೀನಾ, ಭಾರತದ ಕಾರ್ಖಾನೆಗಳು ರಾಶಿ ರಾಶಿ ಚೀಟಿ ಮಾರಿದವು. ಸರಕಿಗಿಂತ ಕಸದಲ್ಲೇ ಲಾಭ! 2013ರಲ್ಲಿ ಯೂರೋಪು ಆ ಚೀಟಿಗಳಿಗೆ ಬಾಗಿಲು ಹಾಕಿತು.

ಹೊಗೆ ನಿಜವಾಗಿ ಇಳಿದ ಜಾಗವೂ ಇದೆ, ಅದನ್ನು ಮುಚ್ಚಿಡಬಾರದು. ಯೂರೋಪು 2005ರಿಂದ ತನ್ನ ವಿದ್ಯುತ್ ಸ್ಥಾವರ, ಕಾರ್ಖಾನೆಗಳ ಒಟ್ಟು ಹೊಗೆಗೆ ಮಿತಿ ಹಾಕಿತು. ಆ ಮಿತಿಯನ್ನು ಇಳಿಸುತ್ತ ಬಂತು. ಮಿತಿಯೊಳಗಿನ ಪರವಾನಗಿಗಳನ್ನು ಅವರವರೇ ಮಾರಿ ಕೊಳ್ಳುತ್ತಾರೆ. 2023ರ ವೇಳೆಗೆ ಆ ಹೊಗೆ 2005ಕ್ಕಿಂತ ಸುಮಾರು 47% ಕಡಿಮೆಯಾಗಿತ್ತು. ಅದೇ ಮಾರುಕಟ್ಟೆ 2021ರಿಂದ ಹೊರದೇಶದ ಚೀಟಿಗಳನ್ನು ಹತ್ತಿರ ಸೇರಿಸುತ್ತಿಲ್ಲ. ಇಳಿಸಬೇಕೆಂದು ಮನಸ್ಸು ಮಾಡಿದವನು ಮೊದಲು ಪಕ್ಕಕ್ಕಿಟ್ಟದ್ದು ನಮ್ಮ ಮುಳುಗನ್ನೇ. 2025ರಲ್ಲಿ ನೋಡಿ, 2040ರ ಗುರಿಯ ಸಣ್ಣದೊಂದು ಪಾಲನ್ನು ಹೊರಗಿನ ಚೀಟಿಯಿಂದ ತುಂಬಿಕೊಳ್ಳುವ ಮಾತನ್ನು ಮತ್ತೆ ಎತ್ತಿದ್ದಾರೆ. ದಲ್ಲಾಳಿಗಳು ಊರಿಗೆ ಬರುವ ಕಾಲ ದೂರವಿಲ್ಲ.

ಬಂದದ್ದೂ ಹೊಸದಲ್ಲ. ನರಸೀಪುರದಿಂದ ಹೊಳೆಯಾಚೆ, ಮಳವಳ್ಳಿ ತಾಲ್ಲೂಕಿನಲ್ಲಿ ಕಬ್ಬಿನ ತರಗು, ತೆಂಗಿನ ಸೋಗೆ ಸುಟ್ಟು 4.5 ಮೆಗಾವ್ಯಾಟ್ ವಿದ್ಯುತ್ ತೆಗೆಯುವ ಸ್ಥಾವರ ಕ್ಯೋಟೊ ಲೆಕ್ಕದಲ್ಲಿ ನೋಂದಣಿಯಾಗಿತ್ತು. ಕಲ್ಲಿದ್ದಲಿಗಿಂತ ತರಗು ಮೇಲು, ಒಪ್ಪುತ್ತೇವೆ. ಆದರೆ ತರಗಿಗೆ ಬೆಲೆ ಬಂದ ದಿನ ಅದಕ್ಕೆ ಒಡೆಯನೂ ಬರುತ್ತಾನೆ. ಕೇಳದೆ ಆಯ್ದು ತಂದು ಒಲೆ ಹಚ್ಚುವ ಕೇರಿಯ ಹೆಂಗಸಿನ ಸೌದೆ ಯಾವ ಕಾಲಂನಲ್ಲಿ ಬರುತ್ತದೆ?

ನಮ್ಮವರು ಈ ಲೆಕ್ಕವನ್ನು ತಾವೇ ಹಿಡಿದದ್ದು ಬಾಗೇಪಲ್ಲಿ ಕಡೆ. ಅಲ್ಲಿಯ ಕೂಲಿ ಸಂಘದ ಮನೆಗಳಿಗೆ 5,500 ಗೋಬರ್ ಗ್ಯಾಸ್ ಘಟಕ ಕಟ್ಟುವ ಯೋಜನೆ 2005ರ ಡಿಸೆಂಬರ್‌ನಲ್ಲಿ ನೋಂದಣಿಯಾಯಿತು. ವರ್ಷಕ್ಕೆ ಸುಮಾರು 19,500 ಟನ್ ಹೊಗೆ ಉಳಿಸುವ ಲೆಕ್ಕ. ಹೊಗೆಯಿಲ್ಲದ ಅಡುಗೆಮನೆ ಸಣ್ಣ ಮಾತಲ್ಲ. ನಮ್ಮ ಅವ್ವಂದಿರ ಕಣ್ಣು ಕೇಳಿ, ಹೇಳುತ್ತವೆ. ಆದರೆ ಗಮನಿಸಿ, ಅಲ್ಲಿ ಚೀಟಿ ಬಂದು ಸಂಘ ಕಟ್ಟಲಿಲ್ಲ. ಸಂಘ ಮೊದಲೇ ಇತ್ತು, ಆದ್ದರಿಂದ ಚೀಟಿಯ ಎದುರು ನಿಂತು ಮಾತಾಡಿತು. ಅಷ್ಟಾದರೂ ದನ ಇಲ್ಲದವನಿಗೆ ಸಗಣಿ ಇಲ್ಲ, ಸಗಣಿ ಇಲ್ಲದವನಿಗೆ ಗ್ಯಾಸೂ ಇಲ್ಲ. ಇನ್ನು ಬೆಲೆ! 2008ರಲ್ಲಿ 20 ಯೂರೋ ಆಸುಪಾಸಿನಲ್ಲಿದ್ದ ಕ್ಯೋಟೊ ಚೀಟಿ 2012ರ ಕೊನೆಗೆ 1 ಯೂರೋಗಿಂತ ಕೆಳಗೆ ಬಿತ್ತು. ಟೊಮೆಟೊ ಬೆಳೆದವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಗದ್ದೆಯ ಸರದಿ. ಕೇಂದ್ರ ಸರ್ಕಾರ 2023ರಲ್ಲಿ ದೇಶದ್ದೇ ಕ್ರೆಡಿಟ್ ವ್ಯಾಪಾರಕ್ಕೆ ಅಧಿಸೂಚನೆ ಹೊರಡಿಸಿತು. 2024ರ ಜನವರಿಯಲ್ಲಿ ಕೃಷಿ ಇಲಾಖೆ ರೈತರ ಚೀಟಿಗೂ ಚೌಕಟ್ಟು ತಂದಿತು. ಭತ್ತದ ಗದ್ದೆಯಲ್ಲಿ ಸದಾ ನೀರು ನಿಂತರೆ ಮೀಥೇನ್ ಏಳುತ್ತದೆ. ನಡುನಡುವೆ ಆರಿಸಿದರೆ ಅದು ಇಳಿಯುತ್ತದೆ, ನೀರೂ ಉಳಿಯುತ್ತದೆ. ವಿಜ್ಞಾನದಲ್ಲಿ ತಪ್ಪಿಲ್ಲ. ಆದರೆ ನರಸೀಪುರದ ನಾಲೆಯ ಕೊನೆಯವನ ಗದ್ದೆ ನೀರು ಬಾರದೆ ತಾನೇ ಆರುತ್ತದೆ. ಅವನಿಗೆ ಚೀಟಿ ಇಲ್ಲ, ಏಕೆಂದರೆ ಅವನು 'ಬದಲಾಗಲಿಲ್ಲ'. ನಾಲೆಯ ತಲೆಯಲ್ಲಿ ಕೂತು ತುಂಬ ನಿಲ್ಲಿಸಿಕೊಂಡಿದ್ದವನು ಒಂದೆರಡು ಸಲ ಆರಿಸಿದರೆ ಅವನು ಪರಿಸರಪ್ರೇಮಿ! ಗದ್ದೆ ಆರಿತೆಂದರೆ ಕಳೆ ಹೆಚ್ಚು. ಆ ಕಳೆ ಕೀಳುವವರು ಕೇರಿಯ ಹೆಂಗಸರು. ಬಗ್ಗಿದ ಸೊಂಟ ಇನ್ನೂ ನಾಲ್ಕು ದಿನ ಬಗ್ಗುತ್ತದೆ. ಚೀಟಿ ಪಹಣಿಯಲ್ಲಿ ಹೆಸರಿದ್ದವನಿಗೆ. ಪಹಣಿಯಲ್ಲಿ ನಮ್ಮವರ ಹೆಸರು ಎಷ್ಟಿದೆ?

ಇರುವ ಕಡೆಯೂ ಎಚ್ಚರ ಬೇಕು. ಪರಿಶಿಷ್ಟರಿಗೆ ಮಂಜೂರಾದ ಜಮೀನು ಅನುಮತಿಯಿಲ್ಲದೆ ಪರರ ಪಾಲಾಗಬಾರದೆಂದು 1978ರಲ್ಲಿ ಕಾಯ್ದೆಯಾಯಿತು. ಮಣ್ಣನ್ನು ಬಿಟ್ಟು ಮಣ್ಣೊಳಗಿನ ಇಂಗಾಲವನ್ನು ವರ್ಷಗಟ್ಟಲೆ ಬರೆಸಿಕೊಳ್ಳಲು ಬಂದರೆ? ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಇಲ್ಲಿ ನಿಮ್ಮ ನಾಲ್ಕಕ್ಷರ ಕೆಲಸಕ್ಕೆ ಬರಬೇಕು. ಕರಾರು ಪತ್ರ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಕೊಡಿ ಎನ್ನಿ. ಗೌಡರ ಜಗಲಿಯಲ್ಲಲ್ಲ, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ. ಎಷ್ಟು ವರ್ಷಕ್ಕೆ, ಟನ್ನಿಗೆ ಎಷ್ಟು, ಕೊಂಡವನು ಯಾರು, ಅವನು ತನ್ನೂರಲ್ಲಿ ಎಷ್ಟು ಇಳಿಸಿದ್ದಾನೆ, ಬೆಲೆ ಬಿದ್ದರೆ ನಷ್ಟ ಯಾರದು, ಗುತ್ತಿಗೆಗೆ ಮಾಡುವವನ ಪಾಲೆಷ್ಟು ಎಂದು ಒಂದೊಂದಾಗಿ ಕೇಳಿ. 'ಅದೆಲ್ಲ ನಿಮ್ಗೆ ಯಾಕಪ್ಪ' ಅಂದರೆ ಎದ್ದು ನಿಂತು ಕೇಳಿ. ಕಳೆ ಕಿತ್ತವಳ ಕೂಲಿ ಯಾವ ಪುಟದಲ್ಲಿದೆ ಎಂದು ಬೆರಳಿಟ್ಟು ತೋರಿಸುವ ತನಕ ಕೇರಿಯಿಂದ ಒಂದು ಹೆಬ್ಬೆಟ್ಟೂ ಆ ಕಾಗದದ ಮೇಲೆ ಬೀಳದಿರಲಿ.