ಟಂಕಸಾಲೆಯ ತಪ್ಪೋ, ಇಕ್ಕಳದ ಕೈಚಳಕವೋ?

ತಪ್ಪು ಮಾಡಿದವನು ಬೆಲೆ ತೆರಬೇಕೆಂಬುದು ಲೋಕರೂಢಿ. ಆದರೆ ತಪ್ಪಿಗೇ ಬೆಲೆ ಬರುವ ವಿಚಿತ್ರ ವ್ಯಾಪಾರವೊಂದುಂಟು. ಅದು ನಾಣ್ಯ ಸಂಗ್ರಾಹಕರದು. ಟಂಕಸಾಲೆಯ ಯಂತ್ರ ಎಡವಿದಾಗ ಹುಟ್ಟಿದ ವಿಕೃತ ನಾಣ್ಯಕ್ಕೆ ಅವರು ಮುಖಬೆಲೆಯ ಎಷ್ಟೋ ಮಡಿ ಹಣ ಕೊಡಲು ಹಿಂಜರಿಯುವುದಿಲ್ಲ. ಇದನ್ನರಿತ ಚತುರರು ಅರ, ಇಕ್ಕಳ, ಆಮ್ಲಗಳನ್ನು ಹಿಡಿದು ತಾವೇ ಒಂದು ಟಂಕಸಾಲೆಯಾಗಿ ಕುಳಿತಿದ್ದಾರೆ. ‘ನಿಮ್ಮ ಹಳೆಯ ನಾಣ್ಯಕ್ಕೆ ಲಕ್ಷ ರೂಪಾಯಿ’ ಎಂಬ ಆಮಿಷಗಳ ಹಾವಳಿ ಎಷ್ಟಾಯಿತೆಂದರೆ, ತನ್ನ ಹೆಸರಿನಲ್ಲಿ ಶುಲ್ಕ, ಕಮಿಷನ್ನು, ತೆರಿಗೆಗಳನ್ನು ಕೇಳುವವರಿಗೆ ಮೋಸಹೋಗಬಾರದೆಂದು ರಿಜರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಸಾರ್ವಜನಿಕರನ್ನು ಎಚ್ಚರಿಸಬೇಕಾಯಿತು.

ನಾಣ್ಯ ಹುಟ್ಟುವ ಬಗೆಯನ್ನು ತಿಳಿದವನಿಗೆ ಅರ್ಧ ಪರೀಕ್ಷೆ ಮುಗಿದಂತೆಯೇ ಸರಿ. ಲೋಹದ ಪಟ್ಟಿಯಿಂದ ಬಿಲ್ಲೆಗಳನ್ನು ಕತ್ತರಿಸಿ, ಅವುಗಳ ಅಂಚನ್ನು ಎತ್ತರಿಸಿ, ಬಳೆಯಂಥ ಉಕ್ಕಿನ ಕಟ್ಟಿನೊಳಗೆ ಕೂರಿಸಿ, ಎರಡು ಅಚ್ಚುಗಳ ನಡುವೆ ಬಲವಾಗಿ ಒತ್ತುತ್ತಾರೆ. ಅಚ್ಚಿನಲ್ಲಿ ತಗ್ಗಾಗಿರುವುದು ನಾಣ್ಯದಲ್ಲಿ ಉಬ್ಬಾಗುತ್ತದೆ. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು. ಅಚ್ಚು ಬಿರಿದಾಗ ಲೋಹವು ಆ ಬಿರುಕಿನೊಳಗೆ ನುಗ್ಗುವುದರಿಂದ ನಾಣ್ಯದ ಮೇಲೆ ಉಬ್ಬಿದ ಗೆರೆ ಮೂಡುತ್ತದೆ. ಮೊಳೆಯಿಂದ ಗೀರಿದ ಗೆರೆಯಾದರೋ ತಗ್ಗಾಗಿರುತ್ತದೆ.

ಇದಕ್ಕೆ ಅಮೆರಿಕದ ಮೂರು ಕಾಲಿನ ಕಾಡುಕೋಣಕ್ಕಿಂತ ಸೊಗಸಾದ ನಿದರ್ಶನವಿಲ್ಲ. 1937ರಲ್ಲಿ ಡೆನ್ವರ್ ಟಂಕಸಾಲೆಯಲ್ಲಿ 5 ಸೆಂಟಿನ ನಾಣ್ಯದ ಅಚ್ಚೊಂದನ್ನು ಯಾರೋ ಅತಿಯಾಗಿ ಉಜ್ಜಿದರು. ಅದರಿಂದ ಬೈಸನ್ ಎಂಬ ಆ ಪ್ರಾಣಿಯ ಮುಂಗಾಲೊಂದು ಅಳಿಸಿಹೋಗಿ, ಗೊರಸು ಮಾತ್ರ ನೆಲದಲ್ಲಿ ಉಳಿಯಿತು! ಆ ನಾಣ್ಯಕ್ಕೆ ಬೇಡಿಕೆ ಬಂದದ್ದೇ ತಡ, ಸಾಮಾನ್ಯ ನಾಣ್ಯದ ಕಾಲನ್ನು ಕೆರೆದು ಮಾರುವವರೂ ಹುಟ್ಟಿಕೊಂಡರು. ಆದರೆ ನಿಜವಾದ ನಾಣ್ಯದಲ್ಲಿ ಹೊಟ್ಟೆಯ ಕೆಳಗಿನಿಂದ ನೆಲದತ್ತ ಉಬ್ಬಿದ ಚುಕ್ಕೆಗಳ ಒಂದು ಸಾಲುಂಟು; ಹಿಂಗಾಲು ಕೂಡ ಹುಳು ತಿಂದಂತೆ ಸೊರಗಿದೆ. ಕೆರೆಯುವವನು ಲೋಹವನ್ನು ತೆಗೆಯಬಲ್ಲನೇ ಹೊರತು ಚುಕ್ಕೆಗಳನ್ನು ಸುಲಭವಾಗಿ ಎಬ್ಬಿಸಲಾರ. ಮೇಲಾಗಿ, ಒಂದು ಕಾಲನ್ನು ಕದಿಯುವ ಆತುರದಲ್ಲಿ ಇನ್ನೊಂದು ಕಾಲನ್ನು ಸೊರಗಿಸಬೇಕೆಂಬುದು ಅವನಿಗೆ ಹೊಳೆಯುವುದೂ ಅಪರೂಪ.

ನನಗೆ ಪರಿಚಿತರಾದ ನಿವೃತ್ತ ಉಪಾಧ್ಯಾಯರೊಬ್ಬರು ಕಳೆದ ವರ್ಷ ಎಂಟು ಸಾವಿರ ರೂಪಾಯಿ ಕೊಟ್ಟು 5 ರೂಪಾಯಿಯ ನಾಣ್ಯವೊಂದನ್ನು ಕೊಂಡರು. ಅದರ ಸಿಂಹಮುಖದಲ್ಲಿ ‘5’ ಅಂಕಿ ಕನ್ನಡಿಯಲ್ಲಿ ಕಂಡಂತೆ ತಿರುಗಿ ತಗ್ಗಾಗಿ ಒತ್ತಿತ್ತು. ಇಂಥ ತಪ್ಪು ಟಂಕಸಾಲೆಯಲ್ಲಿ ಆಗುವುದುಂಟು. ಒತ್ತಿದ ನಾಣ್ಯ ಹೊರಬೀಳದೆ ಒಂದು ಅಚ್ಚಿಗೆ ಅಂಟಿಕೊಂಡರೆ, ಮುಂದಿನ ಬಿಲ್ಲೆಗೆ ಆ ನಾಣ್ಯವೇ ಅಚ್ಚಾಗುತ್ತದೆ. ಆಗ ಬಿಲ್ಲೆಯ ಎರಡು ಬದಿಗೂ ಒಂದೇ ಚಿತ್ರ, ಒಂದೆಡೆ ನೇರ, ಇನ್ನೊಂದೆಡೆ ತಿರುವುಮುರುವು. ಆದರೆ ಹಾಗೆ ಹುಟ್ಟಿದ ನಾಣ್ಯದಲ್ಲಿ ಸಿಂಹ ಎಲ್ಲಿಂದ ಬರಬೇಕು? ಅದರ ಅಚ್ಚು ಬಿಲ್ಲೆಯನ್ನು ಮುಟ್ಟಿಯೇ ಇಲ್ಲವಲ್ಲ! ಉಪಾಧ್ಯಾಯರ ನಾಣ್ಯವನ್ನು ಭೂತಗನ್ನಡಿಯಲ್ಲಿ ನೋಡಿದಾಗ ತಿರುಗಿದ ಅಂಕಿಯ ಅಡಿಯಲ್ಲಿ ಚಪ್ಪಟೆಯಾದ ಸಿಂಹಗಳು ಕಂಡವು. ಎರಡು ನಾಣ್ಯಗಳನ್ನು ಕಮ್ಮಾರನ ಇಕ್ಕಳದಂಥ ಸಾಧನದಲ್ಲಿ ಸೇರಿಸಿ ಒತ್ತಿದ ಕೆಲಸವದು. ವಿಷಯ ತಿಳಿದ ಅವರು ಬಹಳ ಹೊತ್ತು ಸುಮ್ಮನಿದ್ದು, “ಬೇರೆ ಯಾರಿಗಾದರೂ ದಾಟಿಸಿಬಿಡಲೇ ಮೇಷ್ಟ್ರೇ?” ಎಂದರು. ಮರುಕ್ಷಣವೇ ತಲೆ ಅಲ್ಲಾಡಿಸಿ ನಾಣ್ಯವನ್ನು ಕನ್ನಡಕದ ಡಬ್ಬಿಯಲ್ಲಿ ಹಾಕಿಕೊಂಡರು. ಮನೆಯಾಕೆಗೆ ಇನ್ನೂ ಹೇಳಿಲ್ಲವಂತೆ.

ಅಂಚು ಕತ್ತರಿಸಿದ ನಾಣ್ಯಗಳದು ಇನ್ನೊಂದು ಬಗೆ. ಬಿಲ್ಲೆ ಕತ್ತರಿಸುವಾಗ ಪಟ್ಟಿ ಸರಿಯಾಗಿ ಮುಂದೆ ಸರಿಯದಿದ್ದರೆ, ಹಿಂದಿನ ತೂತಿನ ಜಾಗವೂ ಸೇರಿ ಬಿಲ್ಲೆ ಕಚ್ಚಿದ ರೊಟ್ಟಿಯಂತಾಗುತ್ತದೆ. ಅಂಥ ಬಿಲ್ಲೆಯ ಅಂಚನ್ನು ಎತ್ತರಿಸುವಾಗ ಕಚ್ಚಿದ ಕಡೆ ಒತ್ತಡ ಸಿಗದ ಕಾರಣ ಅದಕ್ಕೆ ನೇರ ಎದುರಿನ ಅಂಚೂ ಅನೇಕ ವೇಳೆ ಮಂಕಾಗಿರುತ್ತದೆ. ಅರದಿಂದ ಉಜ್ಜಿದ ನಾಣ್ಯದಲ್ಲಿ ಎದುರಿನ ಅಂಚು ದಿಟ್ಟವಾಗಿ ನಿಂತು ಸುಳ್ಳನ್ನು ಬಯಲಿಗೆಳೆಯುತ್ತದೆ.

ತಪ್ಪೇ ಅಲ್ಲದ್ದನ್ನು ತಪ್ಪೆಂದು ಮಾರುವವರೂ ಇದ್ದಾರೆ. ನಮ್ಮ ನಾಣ್ಯಗಳಲ್ಲಿ ಇಸವಿಯ ಕೆಳಗೆ ವಜ್ರಾಕೃತಿಯಿದ್ದರೆ ಅದು ಮುಂಬಯಿಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ಚುಕ್ಕೆಯಿದ್ದರೆ ನೋಯ್ಡಾದ್ದು. ಏನೂ ಇಲ್ಲದಿದ್ದರೆ ‘ಗುರುತು ಬಿಟ್ಟುಹೋದ ಅಪೂರ್ವ ನಾಣ್ಯ’ವಲ್ಲ, ಕಲ್ಕತ್ತೆಯದು, ಅಷ್ಟೆ. ಸ್ವತಂತ್ರ ಭಾರತದ ನಾಣ್ಯವನ್ನು ಮೇಲೂ ಕೆಳಗೂ ಬೆರಳಿನಿಂದ ಹಿಡಿದು ಪಕ್ಕಕ್ಕೆ ತಿರುಗಿಸಿದರೆ ಹಿಂಬದಿಯೂ ನೆಟ್ಟಗೆ ನಿಲ್ಲಬೇಕು. ಓರೆಯಾಗಿದ್ದರೆ ಅಚ್ಚು ತಿರುಗಿದೆಯೆಂದು ತಿಳಿಯಬಹುದು. ಅಮೆರಿಕದ ಸೆಂಟನ್ನು ಹೀಗೆಯೇ ತಿರುಗಿಸಿ ತಲೆಕೆಳಗಾಯಿತೆಂದು ಹಿಗ್ಗಬೇಡಿ. ಅಲ್ಲಿಯ ಪದ್ಧತಿಯೇ ಹಾಗೆ.

ಸವೆತವನ್ನು ಗುರುತಿಸುವುದು ಸುಲಭ. ಅದು ಎತ್ತರವಾದುದನ್ನು ಮೊದಲು ತಿನ್ನುತ್ತದೆ, ಸುತ್ತಲಿನದನ್ನೂ ಬಿಡುವುದಿಲ್ಲ. ಅಕ್ಕಪಕ್ಕದ ಅಕ್ಷರಗಳು ಚೂಪಾಗಿದ್ದು ನಡುವಿನ ಒಂದಕ್ಷರ ಮಾತ್ರ ಮಾಯವಾಗಿದ್ದರೆ, ಅಚ್ಚಿನ ಆ ಗುಳಿಯಲ್ಲಿ ಜಿಡ್ಡೋ ಧೂಳೋ ತುಂಬಿಕೊಂಡಿತ್ತೆಂದು ಊಹಿಸಬಹುದು. ಆದರೆ ಅಕ್ಷರವಿದ್ದ ಜಾಗದಲ್ಲಿ ಕೆರೆದ ಗೀರುಗಳೇನಾದರೂ ಇವೆಯೇ ಎಂದು ಬೆಳಕನ್ನು ಓರೆಯಾಗಿ ಬಿಟ್ಟು ನೋಡಿಕೊಳ್ಳಬೇಕು.

ಇವೆಲ್ಲ ಯಂತ್ರದ ನಾಣ್ಯಗಳ ಮಾತು. ಅಜ್ಜಿಯ ಪೆಟ್ಟಿಗೆಯಲ್ಲಿ ಮೊಗಲರ ಬೆಳ್ಳಿಯ ರೂಪಾಯಿಯೊಂದು ಸಿಕ್ಕಿ, ಅದರ ಬರಹ ಅಂಚಿನಾಚೆ ಹರಿದುಹೋಗಿದ್ದರೆ ಅದನ್ನು ದೋಷವೆನ್ನುವಂತಿಲ್ಲ. ಅಚ್ಚು ಬಿಲ್ಲೆಗಿಂತ ದೊಡ್ಡದಾಗಿದ್ದು, ಕೈಯಲ್ಲಿ ಸುತ್ತಿಗೆ ಹಿಡಿದು ಹೊಡೆಯುತ್ತಿದ್ದ ಕಾಲವದು. ಮೈಮೇಲೆ ಸಣ್ಣ ಸಣ್ಣ ಗುದ್ದುಗಳಿದ್ದರೆ ಬೆಳ್ಳಿಯ ಚೊಕ್ಕತನವನ್ನು ಪರೀಕ್ಷಿಸಿದ ಚಿನಿವಾರರ ಮುದ್ರೆಗಳಿರಬಹುದು. ಹುಣಿಸೆಹಣ್ಣು ಹಚ್ಚಿ ತಿಕ್ಕುವ ಮೊದಲು ಅದನ್ನು ಬಲ್ಲವರಿಗೊಮ್ಮೆ ತೋರಿಸಿ.